ಸತ್ತೆದ್ದವರ ದಂಡು

ಡಬ್ಬಿ ಬಿಚ್ಚಿದರೆ ಒಳಗೆ ಬುರುಡೆಗಳು. ಬೇರೇನೂ ಇಲ್ಲ, ಬರೀ ಬುರುಡೆ, ಒಟ್ಟು 340. ಹೆಚ್ಚಿನವು ಮನುಷ್ಯರವು, ನಡುನಡುವೆ ಕೋರೆಹಲ್ಲಿನವು, ಕೊಂಬಿನವು. ಒಂದೊಂದೂ ಉಗುರಿನ ತುದಿಯಲ್ಲಿ ಕೂರುವಷ್ಟು ಚಿಕ್ಕದು. ಹೀಗೆ ಬುರುಡೆಯನ್ನೇ ಸಗಟಾಗಿ ತುಂಬಿ ಮಾರುವವರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ ಕಂಪನಿಯವರು. ಇದನ್ನೆಲ್ಲ ಯಾರು ಕೊಳ್ಳುತ್ತಾರೆ ಎಂದು ಹುಬ್ಬೇರಿಸುವ ಮೊದಲು ಒಂದು ಸಂಗತಿ: 2024ರ ಡಿಸೆಂಬರ್‌ನಲ್ಲಿ ಈ ಕಂಪನಿ ಲಂಡನ್ ಷೇರುಪೇಟೆಯ ಎಫ್‌ಟಿಎಸ್‌ಇ 100 ಸೂಚ್ಯಂಕಕ್ಕೆ ಸೇರಿತು. ಬ್ಯಾಂಕು, ತೈಲ, ಔಷಧ ಕಂಪನಿಗಳ ಪಂಕ್ತಿಯಲ್ಲಿ ಗೊಂಬೆ ಮಾರುವವರಿಗೂ ಒಂದು ಎಲೆ ಬಿತ್ತು.

ಗೊತ್ತಿಲ್ಲದವರಿಗೆ ಈ ಗೊಂಬೆಗಳ ಆಟದ ಬಗ್ಗೆ ಎರಡು ಮಾತು. ದೊಡ್ಡದೊಂದು ಮೇಜು. ಅದರ ಮೇಲೆ ಪುಟ್ಟ ಗುಡ್ಡ, ಪಾಳು ಗೋಡೆ, ಒಂದಿಷ್ಟು ಮರ. ಆ ಕಡೆ ಒಂದು ಸೇನೆ, ಈ ಕಡೆ ಒಂದು ಸೇನೆ. ಅಳತೆ ಟೇಪು ಹಿಡಿದು ಇಂಚಿನ ಲೆಕ್ಕದಲ್ಲಿ ಸೈನಿಕರನ್ನು ನಡೆಸುವುದು, ಸಾವು-ಉಳಿವನ್ನು ದಾಳ ಉರುಳಿಸಿ ತೀರ್ಮಾನಿಸುವುದು. ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕದಲ್ಲಿ ಇಂಥದೇ ಆಟಕ್ಕೆ ನಿಯಮ ಬರೆದಿದ್ದರು. ಅವರ ಆಟದಲ್ಲಿ ಆಟಿಕೆಯ ಫಿರಂಗಿ ನಿಜವಾಗಿಯೂ ಮರದ ಗುಂಡು ಹಾರಿಸಿ ತವರದ ಸಿಪಾಯಿಗಳನ್ನು ಬೀಳಿಸುತ್ತಿತ್ತು. ಈಗಿನ ಆಟದಲ್ಲಿ ಅಂಥ ಕೆಲಸ ಮಾಡಿದರೆ ಸ್ನೇಹ ಮುರಿದುಬಿದ್ದೀತು. ಏಕೆಂದರೆ ಈಗಿನ ಗೊಂಬೆ ಅಂಗಡಿಯಿಂದ ಬರುವಾಗ ಗೊಂಬೆಯಾಗಿ ಬರುವುದಿಲ್ಲ. ಬೂದು ಪ್ಲಾಸ್ಟಿಕ್ಕಿನ ಚೌಕಟ್ಟಿನಲ್ಲಿ ಕೈ, ಕಾಲು, ತಲೆ, ಕತ್ತಿ ಎಲ್ಲ ಬಿಡಿಬಿಡಿಯಾಗಿ ಬರುತ್ತವೆ. ಕತ್ತರಿಸಿ, ಅಂಟಿಸಿ, ಬಣ್ಣ ಬಳಿಯುವುದೆಲ್ಲ ಕೊಂಡವನ ಪಾಲಿನ ಕೆಲಸ. ನಿಂತರೆ ಹೆಚ್ಚುಕಡಿಮೆ 28 ಮಿಲಿಮೀಟರ್ ಎತ್ತರದ ಮನುಷ್ಯನ ಕಣ್ಣುಗುಡ್ಡೆಗೂ ಬಣ್ಣ ಹಚ್ಚುವವರಿದ್ದಾರೆ. ಆಡುವುದಕ್ಕಿಂತ ಈ ಕೆಲಸಕ್ಕೇ ಹೆಚ್ಚು ಹೊತ್ತು ಹೋಗುತ್ತದೆ. ಕೊಂಡವರಲ್ಲಿ ಎಷ್ಟೋ ಮಂದಿ ಆಡುವುದೇ ಇಲ್ಲ.

ಗೇಮ್ಸ್ ವರ್ಕ್‌ಶಾಪ್ ಶುರುವಾಗಿದ್ದು 1975ರಲ್ಲಿ. ಗೊಂಬೆಗಳಿಗೆಂದೇ ಸಿಟಡೆಲ್ ಎಂಬ ಸಂಸ್ಥೆ 1979ರಲ್ಲಿ ನ್ಯೂವಾರ್ಕ್ ಊರಿನಲ್ಲಿ ಹುಟ್ಟಿತು. 'ವಾರ್‌ಹ್ಯಾಮರ್' ಆಟದ ಮೊದಲ ಆವೃತ್ತಿ 1983ರಲ್ಲಿ ಬಂತು. ಆಗೆಲ್ಲ ಗೊಂಬೆ ಎಂದರೆ ಸೀಸ ಬೆರೆತ ಲೋಹದ ಎರಕ. ನಾಟಿಂಗ್‌ಹ್ಯಾಮ್ ಸುತ್ತಮುತ್ತ ಇಂಥ ಕಂಪನಿಗಳು ಎಷ್ಟು ಒತ್ತೊತ್ತಾಗಿ ಹುಟ್ಟಿಕೊಂಡವೆಂದರೆ ಹವ್ಯಾಸಿಗಳು ಆ ಸೀಮೆಯನ್ನು 'ಲೆಡ್ ಬೆಲ್ಟ್', ಅಂದರೆ ಸೀಸದ ಪಟ್ಟಿ, ಎಂದೇ ಕರೆಯುತ್ತಾರೆ. ಈ ಆಟದ ಸೇನೆಗಳಲ್ಲಿ ಸತ್ತು ಎದ್ದುಬಂದವರದೂ ಒಂದು. ಅದರ ಅಸ್ಥಿಪಂಜರಗಳು 1986ರಲ್ಲಿ 'ಸ್ಕೆಲಿಟನ್ ಹೋರ್ಡ್' ಎಂಬ ಪ್ಲಾಸ್ಟಿಕ್ ಪೆಟ್ಟಿಗೆಯಾಗಿ ಬಂದವು. ಸತ್ತವರಿಗೆ ಪ್ಲಾಸ್ಟಿಕ್ ಬೇಗ ಒಲಿದದ್ದು ಸಹಜವೇ. ಅವರು ಬೇಕಾಗುವುದು ಹತ್ತಿಪ್ಪತ್ತರಲ್ಲಲ್ಲ, ನೂರರಲ್ಲಿ.

ಯಾಕೆ ನೂರು ಬೇಕು ಎಂಬುದಕ್ಕೆ ಉತ್ತರ ಆಟದ ನಿಯಮದಲ್ಲೇ ಇದೆ. ಮನುಷ್ಯರ ಸೇನೆ, ಕುಬ್ಜರ ಸೇನೆ, ಮಾಯಾಕುಲದ ಎಲ್ಫ್‌ಗಳ ಸೇನೆ, ಎಲ್ಲವೂ ಸೋಲು ಕಂಡರೆ ಬೆನ್ನು ತೋರಿಸುತ್ತವೆ. ಸತ್ತೆದ್ದವರು ಓಡುವುದಿಲ್ಲ. ಸತ್ತವರಿಗೆ ಇನ್ನೇನು ಭಯ? ಬದಲಿಗೆ ಸೋತ ಅಂತರಕ್ಕೆ ತಕ್ಕಂತೆ ಪುಡಿಯಾಗಿ ಉದುರುತ್ತಾರೆ. ಅವರನ್ನು ಎಬ್ಬಿಸಿದ ಮಾಂತ್ರಿಕ ಹಿಂದೆ ಎಲ್ಲೋ ಅಡಗಿರುತ್ತಾನೆ. ಅವನು ಬಿದ್ದರೆ ಇಡೀ ದಂಡು ಕುಸಿಯತೊಡಗುತ್ತದೆ. ಅವನು ಉಳಿದರೆ ಪ್ರತಿ ಸರದಿಯಲ್ಲೂ ಮಂತ್ರ ಹಾಕಿ ಬಿದ್ದವರನ್ನು ಮತ್ತೆ ಎಬ್ಬಿಸುತ್ತಾನೆ, ಕೆಲವೊಮ್ಮೆ ಹೊಸಬರನ್ನೂ ನೆಲದಿಂದ ಎತ್ತುತ್ತಾನೆ. ಅಂದರೆ ಆಟ ಶುರುವಾದಾಗ ಮೇಜಿನ ಮೇಲಿದ್ದವರಿಗಿಂತ ಹೆಚ್ಚು ಜನ ಪೆಟ್ಟಿಗೆಯಲ್ಲಿ ಕಾಯುತ್ತಿರಬೇಕು. ಅದರಲ್ಲೂ ಜೋಂಬಿಗಳು ಆಟದ ಲೆಕ್ಕದಲ್ಲಿ ಅತಿ ಅಗ್ಗದ ಪಡೆ, ಹಿಂಡುಹಿಂಡಾಗಿ ಬೇಕು.

ಅಷ್ಟನ್ನೂ ಕೊಂಡು ಪೂರೈಸುವವರು ಕಡಿಮೆ. ಅಲ್ಲಿಗೆ ಬರುತ್ತದೆ 'ಬಿಟ್ಸ್ ಬಾಕ್ಸ್'. ಎಷ್ಟೋ ಕಿಟ್‌ಗಳಲ್ಲಿ ದೇಹಗಳಿಗೆ ಬೇಕಾದ್ದಕ್ಕಿಂತ ಹೆಚ್ಚು ತಲೆ, ಕೈ ಇರುತ್ತವೆ. ಉಳಿದದ್ದನ್ನು ಹವ್ಯಾಸಿ ಎಸೆಯುವುದಿಲ್ಲ, ಡಬ್ಬಿಗೆ ಹಾಕುತ್ತಾನೆ. ಮುರಿದ ಗೊಂಬೆ, ಯಾರೋ ಕೆಟ್ಟದಾಗಿ ಬಣ್ಣ ಹಚ್ಚಿ ಮಾರಿದ ಹಳೆಯ ಪಡೆ, ಗೆಳೆಯ ಆಟ ಬಿಟ್ಟಾಗ ಕೊಟ್ಟುಹೋದ ಚೂರುಪಾರು, ಎಲ್ಲವೂ ಅಲ್ಲಿಗೇ. ಬೇರೆ ಸೇನೆ ಕಟ್ಟುವವನಿಗೆ ಅದು ಕಸದ ಡಬ್ಬಿ. ಸತ್ತವರ ದಂಡು ಕಟ್ಟುವವನಿಗೆ ಸ್ಮಶಾನ, ಅಂದರೆ ಸೈನ್ಯ ಭರ್ತಿಯ ಕೇಂದ್ರ. ಎಲ್ಲ ಕುಲದವರೂ ಸಾಯುತ್ತಾರೆ, ಹಾಗಾಗಿ ಯಾವ ಕುಲದ ಚೂರಾದರೂ ಆದೀತು. ಗೊಂಬೆಯ ಅಂಗಾಂಗ ಬದಲಿಸಿ ಬೇರೆಯದನ್ನಾಗಿಸುವ ಈ ಕೆಲಸಕ್ಕೆ 'ಕನ್ವರ್ಷನ್' ಎನ್ನುತ್ತಾರೆ. ಅದು ಎಲ್ಲ ಸೇನೆಯಲ್ಲೂ ಉಂಟು. ಆದರೆ ಬೇರೆಡೆ ಅದು ಅಲಂಕಾರ, ಇಲ್ಲಿ ಕಥೆ. ಎಲ್ಫ್ ಸೈನಿಕನ ಕೈಗೆ ಬೇರೆ ಕತ್ತಿ ಕೊಟ್ಟರೆ ಅವನು ಬೇರೆ ಕತ್ತಿ ಹಿಡಿದ ಎಲ್ಫ್, ಅಷ್ಟೆ. ಜೋಂಬಿಯೊಬ್ಬನ ಸೊಂಟಕ್ಕೆ ರೊಟ್ಟಿ ಸುಡುವವನ ಮುಂಗಟ್ಟು ಬಟ್ಟೆ ಕಟ್ಟಿದರೆ, ಅವನು ಯಾವ ಊರಿನವ, ಆ ಊರಿಗೆ ಏನಾಯಿತು ಎಂಬ ಪ್ರಶ್ನೆ ಹುಟ್ಟಿಕೊಳ್ಳುತ್ತದೆ. ಬದುಕಿದ್ದಾಗ ಇವನು ಯಾರಾಗಿದ್ದ ಎಂದು ಕೇಳಿಕೊಳ್ಳದೆ ಕಟ್ಟಿದ ಸತ್ತವರ ದಂಡು, ಎಷ್ಟೇ ಚೆನ್ನಾಗಿ ಬಣ್ಣ ಹಚ್ಚಿದರೂ, ನನ್ನ ಮಟ್ಟಿಗೆ ಸಪ್ಪೆ.

ಶವಪೆಟ್ಟಿಗೆಯ ಮುಚ್ಚಳವೇ ಗುರಾಣಿ

ಈ ದಂಡಿನ ರೂಪ ನಾಟಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ್ದಲ್ಲ. ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿ ಪೀಟರ್ ಬ್ರೂಗೆಲ್ ಸುಮಾರು 1562ರಲ್ಲಿ ಬರೆದ 'ಸಾವಿನ ದಿಗ್ವಿಜಯ' ಎಂಬ ಚಿತ್ರವಿದೆ. ಸುಟ್ಟು ಕರಕಲಾದ ಬಯಲಿನಲ್ಲಿ ಅಸ್ಥಿಪಂಜರಗಳ ಸೇನೆ ಜನರನ್ನು ಅಟ್ಟಾಡಿಸುತ್ತಿದೆ. ಅರಸ, ರೈತ, ಪ್ರೇಮಿಗಳು, ಜೂಜುಕೋರರು, ಯಾರಿಗೂ ವಿನಾಯಿತಿ ಇಲ್ಲ. ಬಡಕಲು ಕುದುರೆಯ ಮೇಲೊಬ್ಬ, ಬುರುಡೆ ತುಂಬಿದ ಗಾಡಿ ಒಂದು ಕಡೆ. ಒಂದು ಪಡೆಯಂತೂ ಶವಪೆಟ್ಟಿಗೆಯ ಮುಚ್ಚಳಗಳನ್ನೇ ಗುರಾಣಿಯಾಗಿ ಹಿಡಿದು ಸಾಲುಗಟ್ಟಿ ನಿಂತಿದೆ. ಆ ಮುಚ್ಚಳದ ಗುರಾಣಿಯನ್ನು ಇವತ್ತಿಗೂ ಹವ್ಯಾಸಿಗಳು ತೆಳು ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಮರದ ಗೆರೆ ಗೀರಿ ಮಾಡಿಕೊಳ್ಳುತ್ತಾರೆ. ಸತ್ತವನ ಬಳಿ ಆಯುಧ ಇರಲೇಬೇಕೆಂದೇನಿಲ್ಲ. ಅವನ ಜೊತೆ ಹೂತದ್ದಂತೂ ಇದ್ದೇ ಇರುತ್ತದೆ ಎಂಬುದು ಬ್ರೂಗೆಲ್‌ಗೆ ಹೊಳೆದಿತ್ತು.

ಎರಡನೆಯ ಮೂಲ ಸಿನಿಮಾ. 1963ರ 'ಜೇಸನ್ ಆ್ಯಂಡ್ ದಿ ಆರ್ಗೊನಾಟ್ಸ್' ಚಿತ್ರದಲ್ಲಿ ಏಳು ಅಸ್ಥಿಪಂಜರಗಳು ಮೂವರು ಮನುಷ್ಯರ ಜೊತೆ ಕತ್ತಿಕಾಳಗಕ್ಕೆ ಇಳಿಯುತ್ತವೆ. ರೇ ಹ್ಯಾರಿಹೌಸೆನ್ ಪುಟ್ಟ ಬೊಂಬೆಗಳನ್ನು ಫ್ರೇಮಿಗೆ ಫ್ರೇಮು ಕದಲಿಸಿ ಚಿತ್ರಿಸಿದ್ದು. ಕೆಲವೇ ನಿಮಿಷದ ದೃಶ್ಯಕ್ಕೆ ನಾಲ್ಕು ತಿಂಗಳಿಗೂ ಹೆಚ್ಚು ಹಿಡಿಯಿತು. ಆ ಏಳರಲ್ಲಿ ಒಂದು, 1958ರ ಸಿಂದಬಾದನ ಚಿತ್ರಕ್ಕಾಗಿ ಅವರು ಮಾಡಿದ್ದ ಹಳೆಯ ಬೊಂಬೆಯೇ. ಗುರುವಿನ ಬಳಿಯೂ ಬಿಟ್ಸ್ ಬಾಕ್ಸ್ ಇತ್ತು ಎನ್ನಲು ಅಡ್ಡಿಯಿಲ್ಲ.

ಮೂರನೆಯದು ಈಜಿಪ್ಟ್. ವಾರ್‌ಹ್ಯಾಮರ್‌ನಲ್ಲಿ ಮೊದಲು ಸತ್ತವರೆಲ್ಲ ಒಂದೇ ಸೇನೆ. 1994ರ ನಿಯಮ ಪುಸ್ತಕದ ಹೆಸರೇ 'ಅನ್‌ಡೆಡ್'. 1999ರಲ್ಲಿ ರಕ್ತಪಿಪಾಸು ವ್ಯಾಂಪೈರ್‌ಗಳು ಬೇರೆ ಮನೆ ಮಾಡಿದರು. ಆಮೇಲೆ ಮಮ್ಮಿಗಳು, ಗೋರಿಯ ಅರಸರು 'ಟೂಂಬ್ ಕಿಂಗ್ಸ್' ಎಂಬ ಹೆಸರಿನಲ್ಲಿ ಪಾಲು ಪಡೆದರು. ಚಿನ್ನ, ನೀಲಿ, ಕಂಚು, ಮರಳು, ರಥಗಳು, ನರಿಮುಖದ ಮೂರ್ತಿಗಳು. ಇಲ್ಲೊಂದು ಸ್ವಾರಸ್ಯ. ಕೈರೊ ಸಂಗ್ರಹಾಲಯದಲ್ಲಿ ಮೆಸೆಹ್ತಿ ಎಂಬ ಪ್ರಾಂತಾಧಿಕಾರಿಯ ಗೋರಿಯಿಂದ ಸಿಕ್ಕ ಎರಡು ಪಡೆಗಳಿವೆ. ಸುಮಾರು ನಾಲ್ಕು ಸಾವಿರ ವರ್ಷ ಹಳೆಯವು, ಮರದಲ್ಲಿ ಕೆತ್ತಿ ಬಣ್ಣ ಬಳಿದ ಪುಟ್ಟ ಸೈನಿಕರು: 40 ಈಜಿಪ್ಟ್ ಭರ್ಜಿಗಾರರು, 40 ನೂಬಿಯಾದ ಬಿಲ್ಲುಗಾರರು. ಎರಡೂ ಪಡೆ ಹಲಗೆಯ ಮೇಲೆ ಸಾಲಿಗೆ ನಾಲ್ವರಂತೆ ನಿಂತಿವೆ. ಇವತ್ತು ಆಟಗಾರನು ಪಡೆಯನ್ನು ಒಟ್ಟಿಗೆ ಸರಿಸಲು ಬಳಸುವ ಹಲಗೆಯೂ ಇದೇ ಬಗೆಯದು. ಸತ್ತ ಅಧಿಕಾರಿಗೆ ಕಾವಲಾಗಿ ಇಟ್ಟ ಗೊಂಬೆಗಳವು. ಮಮ್ಮಿಯ ಗೊಂಬೆಗೆ ಬಣ್ಣ ಬಳಿಯುತ್ತ ಕೂರುವವರಿಗಿಂತ ಬಹಳ ಮೊದಲೇ ಮಮ್ಮಿಗಾಗಿ ಗೊಂಬೆಗೆ ಬಣ್ಣ ಬಳಿದವರಿದ್ದರು.

ಜೀವಂತ ಸೈನಿಕನನ್ನು ಸಾಯಿಸುವ ಕ್ರಮ

ಕೆಲಸ ಹೇಗೆ ನಡೆಯುತ್ತದೆ ಎಂದು ಒಂದನ್ನು ಹತ್ತಿರದಿಂದ ನೋಡೋಣ. ವಾರ್‌ಹ್ಯಾಮರ್‌ನ 'ಎಂಪೈರ್' ಸೇನೆಯ ಸಿಪಾಯಿ, ಹದಿನಾರನೆಯ ಶತಮಾನದ ಜರ್ಮನ್ ಕೂಲಿ ಸೈನಿಕರ ವೇಷದವನು. ಉಬ್ಬು ತೋಳಿನ ಅಂಗಿ, ಗರಿ ಸಿಕ್ಕಿಸಿದ ಟೊಪ್ಪಿ, ಕೈಯಲ್ಲಿ ಈಟಿ. ಇವನನ್ನು ಜೋಂಬಿ ಮಾಡಬೇಕು. ಹೊಸಬರು ನೇರ ಮುಖಕ್ಕೆ ಕೈ ಹಾಕುತ್ತಾರೆ, ಕೊಳೆತ ತಲೆಯೊಂದನ್ನು ಅಂಟಿಸಿ ಮುಗಿಯಿತೆನ್ನುತ್ತಾರೆ. ನೋಡಿದರೆ ಮುಖವಾಡ ಹಾಕಿದ ಆರೋಗ್ಯವಂತನೇ ಕಾಣುತ್ತಾನೆ. ಬದುಕಿದ್ದವನ ಗುಟ್ಟು ಮುಖದಲ್ಲಿಲ್ಲ, ಕಾಲಿನಲ್ಲಿದೆ. ಜೀವವಿರುವ ದೇಹ ತನ್ನ ಭಾರವನ್ನು ತಾನೇ ಹೊರುತ್ತದೆ. ಒಂದು ಕಾಲು ಊರಿ, ಇನ್ನೊಂದನ್ನು ಸಡಿಲಿಸಿ, ಸೊಂಟ ಒಂದಿಷ್ಟು ಓರೆ ಮಾಡಿ ಸಮತೋಲ ಹಿಡಿಯುತ್ತದೆ. ಆ ಸಮತೋಲವನ್ನು ಮೊದಲು ಕೆಡಿಸಬೇಕು. ಗರಗಸದ ಬ್ಲೇಡಿನಿಂದ ಕಣಕಾಲು ಕೊಯ್ದು ಪಾದವನ್ನು ಒಳಕ್ಕೆ ತಿರುಗಿಸಿ ಅಂಟಿಸಿದರೆ ಅರ್ಧ ಕೆಲಸ ಮುಗಿದಂತೆ. ಕುತ್ತಿಗೆಯನ್ನು ಹೆಗಲ ಮೇಲೆ ಬಿದ್ದಂತೆ ವಾಲಿಸಿದರೆ ಮುಕ್ಕಾಲು. ಈಟಿ ಹಿಡಿದ ಕೈ ಈಟಿಯನ್ನು ಮರೆತಂತಿರಬೇಕು, ತುದಿ ನೆಲಕ್ಕೆ ಎಳೆದಾಡುತ್ತಿರಬೇಕು.

ಹೀಗೆ ಕೊಯ್ದು ಕೂಡಿಸಿದ ಕೀಲು ಬರೀ ಅಂಟಿನ ಮೇಲೆ ನಿಲ್ಲುವುದಿಲ್ಲ. ಎರಡೂ ಕಡೆ ಒಂದು ಮಿಲಿಮೀಟರ್ ತೂತು ಕೊರೆದು, ಪೇಪರ್ ಕ್ಲಿಪ್ಪಿನ ತುಂಡೊಂದನ್ನು ಒಳಗೆ ತೂರಿಸಿ ಬಿಗಿಯಬೇಕು. ಆಮೇಲೆ ಬಟ್ಟೆ. ಚಾಕುವಿನಿಂದ ಅಂಗಿಯ ಅಂಚನ್ನು ಹಿಂದಿನಿಂದ ಹೆರೆದು ತೆಳುವಾಗಿಸಿ, ನಂತರ ಚಿಂದಿ ಮಾಡಬೇಕು. ದಪ್ಪ ಅಂಚನ್ನೇ ಹರಿದರೆ ಬಟ್ಟೆಯಂತೆ ಕಾಣದು, ಪ್ಲಾಸ್ಟಿಕ್ ಪ್ಲಾಸ್ಟಿಕ್ಕಾಗಿಯೇ ಉಳಿಯುತ್ತದೆ. ಮೈಮೇಲೆ ಹೆಣದ ಬಟ್ಟೆ ಬೇಕಿದ್ದರೆ ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಅಂಟಿನಲ್ಲಿ ಅದ್ದಿ ಹೊದಿಸಿದರೆ ಸಾಕು. ಒಣಗಿದಾಗ ಅದರ ನಿರಿಗೆ ಯಾವ ಶಿಲ್ಪಿಯ ಕೈಗೂ ಕಡಿಮೆಯಿಲ್ಲ.

ಪಕ್ಕೆಲುಬು ಕಾಣಿಸಬೇಕಿದ್ದರೆ 'ಗ್ರೀನ್ ಸ್ಟಫ್' ಬೇಕು. ಹಳದಿ ಮತ್ತು ನೀಲಿ ಬಣ್ಣದ ಎರಡು ಪಟ್ಟಿಗಳಾಗಿ ಬರುವ ಎಪಾಕ್ಸಿ ಪುಟ್ಟಿ ಅದು. ಎರಡನ್ನೂ ಬೆರೆಸಿ ನಾದಿದಾಗ ಹಸಿರಾಗುತ್ತದೆ, ಒಂದೂವರೆ ಗಂಟೆಯಷ್ಟು ಕೈಗೆ ಬಗ್ಗುತ್ತದೆ, ಮರುದಿನಕ್ಕೆ ಪೂರ್ತಿ ಗಟ್ಟಿ. ಪಕ್ಕೆಯ ಭಾಗವನ್ನು ಕೊರೆದು ಗುಳಿ ಮಾಡಿ, ದಾರದಷ್ಟು ತೆಳುವಾಗಿ ಹೊಸೆದ ಎಳೆಗಳನ್ನು ಒಂದರ ಕೆಳಗೊಂದು ಕೂರಿಸಿ, ಒದ್ದೆ ಸೂಜಿಯಿಂದ ತುದಿಗಳನ್ನು ಒಳಕ್ಕೆ ಒತ್ತುತ್ತ ಹೋಗುವುದು. ಸಲಕರಣೆ ಒದ್ದೆಯಾಗಿಲ್ಲದಿದ್ದರೆ ಪಕ್ಕೆಲುಬು ಸೂಜಿಯ ಜೊತೆಗೇ ಎದ್ದು ಬರುತ್ತದೆ. ಇದಿಷ್ಟೂ 28 ಮಿಲಿಮೀಟರಿನ ದೇಹದಲ್ಲಿ.

ಸಿಟಡೆಲ್‌ಗಾಗಿ ದಶಕಗಳ ಕಾಲ ಗೊಂಬೆ ಕೆತ್ತಿದ ಅವಳಿ ಸೋದರರು ಮೈಕೆಲ್ ಮತ್ತು ಅಲನ್ ಪೆರಿ. ಮೈಕೆಲ್ 1996ರಲ್ಲಿ ಫ್ರಾನ್ಸಿನ ಕ್ರೆಸಿಯಲ್ಲಿ ಹಳೆಯ ಯುದ್ಧವೊಂದರ ಮರುಪ್ರದರ್ಶನದಲ್ಲಿದ್ದಾಗ ಫಿರಂಗಿ ಅವಘಡದಲ್ಲಿ ಬಲಗೈ ಕಳೆದುಕೊಂಡರು. ಆಮೇಲೆ ಎಡಗೈಯಲ್ಲಿ ಕೆತ್ತಲು ಕಲಿತು ಅದೇ ಕಸುಬಿಗೆ ಮರಳಿದರು. ಅವರ ಗೊಂಬೆಗಳನ್ನು ಸಾಲಾಗಿಟ್ಟರೆ ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ನನ್ನ ಕಣ್ಣಿಗಂತೂ ಹೊಳೆಯುವುದಿಲ್ಲ.

ಮೂಳೆ ಬಿಳಿಯಲ್ಲ

ಬಣ್ಣದ ವಿಷಯಕ್ಕೆ ಬಂದರೆ ಮೊದಲ ಪಾಠ ಇದೇ. ಬಿಳಿ ಬಳಿದ ಅಸ್ಥಿಪಂಜರ ಪ್ರಯೋಗಶಾಲೆಯ ಮಾದರಿಯಂತೆ ಕಾಣುತ್ತದೆ. ನೆಲದಲ್ಲಿದ್ದ ಮೂಳೆ ಆ ನೆಲದ ಬಣ್ಣವನ್ನೇ ಹೀರುತ್ತದೆ: ಕೆಮ್ಮಣ್ಣಿನಲ್ಲಿ ಕೆಂಪಗೆ, ಜೌಗಿನಲ್ಲಿ ಕಪ್ಪುಗಂದು. ಸಿಟಡೆಲ್ ಬಣ್ಣದವರು ಬಳಸುವ ಸರಳ ಕ್ರಮ ಹೀಗೆ: ಮರಳು ಕಂದಿನ 'ಝಾಂಡ್ರಿ ಡಸ್ಟ್' ಅಡಿಗೆ, ಅದರ ಮೇಲೆ ನೀರಿನಂಥ ಕಡುಗಂದು ವಾಶ್, ಅದು ಒಣಗಿದ ಮೇಲೆ 'ಉಶಬ್ತಿ ಬೋನ್', ತೀರ ಅಂಚಿಗೆ 'ಸ್ಕ್ರೀಮಿಂಗ್ ಸ್ಕಲ್'. ವಾಶ್‌ನ ಕೆಲಸ ನೋಡಲು ಚೆಂದ. ಅದು ಉಬ್ಬಿನಿಂದ ಜಾರಿ ತಗ್ಗಿಗೆ ಇಳಿದು, ಪಕ್ಕೆಲುಬುಗಳ ನಡುವೆ, ಕಣ್ಣಿನ ಗುಳಿಯಲ್ಲಿ ತಾನಾಗಿಯೇ ನೆರಳಾಗಿ ನಿಲ್ಲುತ್ತದೆ. ಮೇಲೆ ಡ್ರೈಬ್ರಶ್: ಕುಂಚವನ್ನು ಬಣ್ಣಕ್ಕೆ ಅದ್ದಿ, ಬಟ್ಟೆಗೆ ಒರೆಸಿ ಹೆಚ್ಚುಕಡಿಮೆ ಒಣಗಿಸಿ, ಗೊಂಬೆಯ ಮೇಲೆ ಹಗುರಾಗಿ ಸವರುವುದು. ಬಣ್ಣ ಉಬ್ಬಿಗೆ ಮಾತ್ರ ಹತ್ತುತ್ತದೆ. ಈ ಎರಡು ಉಪಾಯ ಬಲ್ಲ ಹೈಸ್ಕೂಲ್ ಹುಡುಗನೂ ಒಂದು ಸಂಜೆಯಲ್ಲಿ ಒಂದು ಪಡೆ ಮುಗಿಸಿಯಾನು. 2019ರಲ್ಲಿ ಬಂದ 'ಕಾಂಟ್ರಾಸ್ಟ್' ಬಣ್ಣಗಳು ಅಡಿಬಣ್ಣ, ನೆರಳು ಎರಡನ್ನೂ ಒಂದೇ ಬಳಿತಕ್ಕೆ ಇಳಿಸಿದವು. ಅವುಗಳಲ್ಲಿ ಒಂದರ ಹೆಸರು 'ಸ್ಕೆಲಿಟನ್ ಹೋರ್ಡ್', ಆ ಹಳೆಯ ಪೆಟ್ಟಿಗೆಯದೇ.

ಬಲ್ಲವರ ಕೈ ಗೊತ್ತಾಗುವುದು ಇದರ ನಂತರ. ಭೂಶೋಧನೆಯಲ್ಲಿ ಸಿಗುವ ಮೂಳೆಗಳಲ್ಲಿ ಕಂಚಿನ ಬಳೆ ತೊಟ್ಟ ಮುಂಗೈ, ತಾಮ್ರದ ಪಿನ್ನು ತಾಗಿದ ಹೆಗಲು ಹಸಿರಾಗಿರುತ್ತವೆ. ಲೋಹದ ಕಿಲುಬು ಮೂಳೆಗೆ ಇಳಿದಿರುತ್ತದೆ. ಟೂಂಬ್ ಕಿಂಗ್ಸ್ ಸೈನಿಕನ ಕಂಚಿನ ಕಡಗಕ್ಕೆ ಕಿಲುಬಿನ ನೀಲಿಹಸಿರು ಹಚ್ಚುವವರು ಬೇಕಾದಷ್ಟು ಮಂದಿ. ಕಡಗದ ಪಕ್ಕದ ಮೂಳೆಗೂ ಆ ಹಸಿರನ್ನು ಒಂದಿಷ್ಟು ಹರಿಸುವವರು ಅಪರೂಪ. ಹರಿಸಿದ್ದನ್ನು ಕಂಡರೆ ಆ ಕಡಗ ನಿನ್ನೆ ತೊಡಿಸಿದ್ದಲ್ಲ, ಮೂಳೆಯ ಜೊತೆಗೇ ಹೂತದ್ದು ಎಂದು ಕಣ್ಣು ತಾನೇ ನಂಬುತ್ತದೆ.

ಜೋಂಬಿಯ ಚರ್ಮವೂ ಹಾಗೆಯೇ. ಎಲ್ಲರೂ ಹಸಿರು ಬಳಿಯುತ್ತಾರೆ. ಆದರೆ ಹೃದಯ ನಿಂತ ಮೇಲೆ ರಕ್ತ ತನ್ನ ಭಾರಕ್ಕೆ ತಾನೇ ತಗ್ಗಿನ ಕಡೆ ಇಳಿದು, ಆ ಭಾಗ ನೇರಳೆಗೆ ತಿರುಗುತ್ತದೆ. ಅಂಗಾತ ಮಲಗಿ ಸತ್ತವನ ಬೆನ್ನು ನೇರಳೆ, ನೆಲಕ್ಕೆ ಒತ್ತಿಕೊಂಡಿದ್ದ ಹೆಗಲ ಮೂಳೆಯ ಜಾಗ ಮಾತ್ರ ಬಿಳಿಚಿ. ನೇಣುಬಿದ್ದವನಿಗೆ ಕಾಲು, ಮುಂಗೈ. ಹಾಗಾಗಿ ಕೊರಳಲ್ಲಿ ಹಗ್ಗದ ತುಂಡು ತೂಗಾಡುವ ಜೋಂಬಿಯ ಮುಂಗಾಲಿಗೆ ತೆಳು ನೇರಳೆ ಹಚ್ಚಿದರೆ, ಅವನ ಸಾವಿನ ವಿವರ ಬಣ್ಣದಲ್ಲೇ ದಾಖಲಾಗುತ್ತದೆ.

ರಕ್ತದ ವಿಚಾರದಲ್ಲಿ ನನ್ನದೊಂದು ತಕರಾರಿದೆ. ಹೊಳೆಯುವ ಕೆಂಪು ಬಣ್ಣದ ಬಾಟಲಿಯೊಂದು ಕೈಗೆ ಸಿಕ್ಕಿದ ಕೂಡಲೇ ಜನ ಸಂಯಮ ಕಳೆದುಕೊಳ್ಳುತ್ತಾರೆ. ನಾನೂರು ವರ್ಷದ ಹಿಂದೆ ಸತ್ತವನ ಎದೆಯಿಂದ ಹಸಿ ರಕ್ತ ಸುರಿಯುವುದು ಹೇಗೆ? ಕತ್ತಿಯ ಮೇಲಿದ್ದರೆ ಒಪ್ಪೋಣ, ಅದು ಎದುರಾಳಿಯದು. ತುಟಿಯ ಮೇಲಿದ್ದರೂ ಸರಿ, ಊಟದ್ದು. ಗಾಯದೊಳಗೆ ಮಾತ್ರ ಬೇಡ.

ಇಡೀ ದಂಡು ಮೂಳೆ, ತುಕ್ಕು, ಮಣ್ಣಿನ ಬಣ್ಣದಲ್ಲೇ ಇದ್ದರೆ ಮೂರಡಿ ದೂರದಿಂದ ಒಂದೇ ರಾಶಿಯಾಗಿ ಕಾಣುತ್ತದೆ ಎಂಬುದು ಇನ್ನೊಂದು ತೊಡಕು. ಅದಕ್ಕೆ ಒಂದೇ ಒಂದು ಬಣ್ಣವನ್ನು ಆರಿಸಿ, ಗುರಾಣಿ ಬಾವುಟಗಳಲ್ಲಿ ಮಾತ್ರ ಕಾಣಿಸಿದರೆ ಸಾಕು. ಮೆಸೆಹ್ತಿಯ ಭರ್ಜಿಗಾರರ ಗುರಾಣಿಗಳನ್ನು ನೋಡಿ: ಮೈಬಣ್ಣ ಎಲ್ಲರದೂ ಒಂದೇ, ಗುರಾಣಿಯ ಹಸುವಿನ ತೊಗಲಿನ ಮಚ್ಚೆ ಮಾತ್ರ ಬೇರೆ ಬೇರೆ.

ಕಂಪನಿಯೂ ಎಡವಿದ್ದುಂಟು. ಈ ಲೋಕದ ಸತ್ತವರಿಗೆಲ್ಲ ಒಡೆಯನಾದ ನಾಗಾಶ್ ಎಂಬ ಮಹಾಮಾಂತ್ರಿಕನ 1990ರ ದಶಕದ ಲೋಹದ ಗೊಂಬೆಯ ಮುಖ ಇವತ್ತಿಗೂ ಹವ್ಯಾಸಿಗಳ ನಗೆಯ ಸರಕು. ಭಯ ಹುಟ್ಟಿಸಬೇಕಾದ ಆ ಬುರುಡೆ ಜಾತ್ರೆಯ ಕೋಡಂಗಿಯ ಹಾಗೆ ಹಲ್ಲು ಕಿರಿಯುತ್ತಿತ್ತು. ತಲೆ ಕತ್ತರಿಸಿ ಬೇರೆ ಕೂರಿಸಿಕೊಂಡವರಿಗೆ ಲೆಕ್ಕವಿಲ್ಲ. 2014ರಲ್ಲಿ ಹೊಸ ಪ್ಲಾಸ್ಟಿಕ್ ನಾಗಾಶ್ ಬಂದ, ನಿಜಕ್ಕೂ ಗಂಭೀರನಾಗಿ. ಆದರೆ ಮರುವರ್ಷವೇ ಕಂಪನಿ ಹಳೆಯ ಲೋಕವನ್ನು ಮುಗಿಸಿ 'ಏಜ್ ಆಫ್ ಸಿಗ್ಮಾರ್' ಎಂಬ ಹೊಸ ಆಟ ಶುರುಮಾಡಿತು. ಸ್ವಲ್ಪ ಕಾಲದಲ್ಲೇ ಟೂಂಬ್ ಕಿಂಗ್ಸ್ ಗೊಂಬೆಗಳು ಅಂಗಡಿಯಿಂದ ಮಾಯವಾದವು. ಇದ್ದವರು ಪೆಟ್ಟಿಗೆ ಬಿಗಿ ಮಾಡಿದರು, ಇಲ್ಲದವರು ಹಳೆ ಮಾರುಕಟ್ಟೆಯಲ್ಲಿ ದುಬಾರಿ ಬೆಲೆ ತೆತ್ತರು, ಉಳಿದವರು ಐತಿಹಾಸಿಕ ಈಜಿಪ್ಟ್ ಗೊಂಬೆಗಳ ರಥಕ್ಕೆ ಪ್ಲಾಸ್ಟಿಕ್ ಅಸ್ಥಿಪಂಜರಗಳನ್ನು ಹತ್ತಿಸಿದರು. 2024ರ ಜನವರಿಯಲ್ಲಿ 'ದಿ ಓಲ್ಡ್ ವರ್ಲ್ಡ್' ಎಂಬ ಹೆಸರಿನಲ್ಲಿ ಹಳೆಯ ಆಟ ಮರಳಿದಾಗ ಮೊದಲು ಗೋರಿಯಿಂದ ಎದ್ದುಬಂದ ಎರಡು ಸೇನೆಗಳಲ್ಲಿ ಟೂಂಬ್ ಕಿಂಗ್ಸ್ ಒಂದು. ಒಂದು ಕಿರಿಕಿರಿ ಮಾತ್ರ: 20 ಮಿಲಿಮೀಟರ್ ಚೌಕದ ಮೇಲೆ ನಿಲ್ಲಿಸಿದ್ದ ಹಳೆಯ ಅಸ್ಥಿಪಂಜರಗಳಿಗೆಲ್ಲ ಈಗ 25 ಮಿಲಿಮೀಟರ್ ಚೌಕ ಬೇಕು.

ನಮ್ಮ ಕಡೆ ಈ ಹವ್ಯಾಸ ಹಿಡಿದವರಿಗೆ ದೊಡ್ಡ ಶತ್ರು ಸುಂಕ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಹಾಗಾಗಿ ಬೆಂಗಳೂರಿನಲ್ಲಿ ಕೂತು ಸೇನೆ ಕಟ್ಟುವವನಿಗೆ ಚೂರುಪಾರಿನ ಈ ದಂಡು ಇನ್ನಷ್ಟು ಒಗ್ಗುತ್ತದೆ. ಸಾಮಾನೂ ಹಾರ್ಡ್‌ವೇರ್ ಅಂಗಡಿಯದೇ. ಪ್ಲಾಸ್ಟಿಕ್ ತುಂಡು ಕೂಡಿಸಲು ಫೆವಿಕ್ವಿಕ್, ಎರಡು ಉಂಡೆ ಬೆರೆಸಿ ನಲ್ಲಿ ಸೋರಿಕೆ ಮುಚ್ಚುವ ಎಂ-ಸೀಲ್. ಎಂ-ಸೀಲ್ ಬೇಗ ಬಿಗಿಯುತ್ತದೆ, ಗ್ರೀನ್ ಸ್ಟಫ್‌ನಂತೆ ಎಳೆದಲ್ಲಿಗೆ ಬರುವುದಿಲ್ಲ, ಪಕ್ಕೆಲುಬಿಗೆ ಸಲ್ಲದು. ಆದರೆ ಗೋರಿಕಲ್ಲು, ಮಣ್ಣಿನ ದಿಬ್ಬ, ಒಡೆದ ಮೆಟ್ಟಿಲಿಗೆ ಅದೇ ಮೇಲು. ಗಟ್ಟಿಯಾದ ಮೇಲೆ ಮರಳುಕಾಗದದಿಂದ ಉಜ್ಜಬಹುದು, ರಬ್ಬರಿನಂಥ ಗ್ರೀನ್ ಸ್ಟಫ್ ಅದಕ್ಕೆ ಜಗ್ಗುವುದಿಲ್ಲ.

ಮಳೆಗಾಲದ್ದು ಮಾತ್ರ ಬೇರೆಯದೇ ರಗಳೆ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಸ್ಪ್ರೇ ಡಬ್ಬಿಯ ಪ್ರೈಮರ್ ತರಿತರಿಯಾಗಿ ಕೂರುತ್ತದೆ, ವಾರ್ನಿಶ್ ಮಂಜು ಬಿದ್ದಂತೆ ಬೆಳ್ಳಗಾಗುತ್ತದೆ. ಮಡಿಕೇರಿಯಲ್ಲೋ ಮಂಗಳೂರಿನಲ್ಲೋ ಇರುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಮುಟ್ಟದೆ ಕುಂಚದಲ್ಲೇ ಪ್ರೈಮರ್ ಹಚ್ಚುವುದು ಕ್ಷೇಮ. ಮುಟ್ಟಿ ಬೆಳ್ಳಗಾಗಿಬಿಟ್ಟರೆ, ಎಲ್ಫ್ ಸೇನೆಯವನು ಹೊಳಪಿನ ವಾರ್ನಿಶ್ ಒಂದು ಪದರ ಬಳಿದು ಅದನ್ನು ಅಳಿಸಲು ಹೆಣಗಬೇಕು. ಅಸ್ಥಿಪಂಜರದವನು ಗೋರಿಯ ಧೂಳೆಂದು ಹೇಳಿ ಹಾಗೇ ಮೇಜಿಗಿಡಬಹುದು.